ಪರರ ಪ್ರೋಗ್ರಾಮು, ಪಾಲಕರ ಹೊಣೆ

ಅನ್ನಕ್ಕಿಡುವ ಮುನ್ನ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರಿ, ಕಲ್ಲು ನೆಲ್ಲುಗಳನ್ನು ಆರಿಸುವ ಪದ್ಧತಿಯು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆಯಷ್ಟೆ. ಈ ಕೆಲಸವು ಸರಿಯಾಗಿ ನಡೆದ ದಿನ ಅದನ್ನು ಯಾರೂ ನೆನೆಯುವುದಿಲ್ಲ. ಊಟಕ್ಕೆ ಕುಳಿತವರು ಸಾರಿನ ರುಚಿಯನ್ನು ಹೊಗಳುವರು, ಹಪ್ಪಳವನ್ನು ಹೊಗಳುವರು; ಅನ್ನದಲ್ಲಿ ಕಲ್ಲಿರಲಿಲ್ಲವೆಂದು ಹೊಗಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಎಂದಾದರೊಂದು ದಿನ ಒಂದು ಹರಳು ಹಲ್ಲಿಗೆ ಸಿಕ್ಕಿತೆನ್ನಿ, ಆಗ ಮಾತ್ರ "ಇಂದು ಅಕ್ಕಿ ಆರಿಸಿದವರು ಯಾರು?" ಎಂಬ ಪ್ರಶ್ನೆ ಏಳುವುದು. ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ಕೆಲಸವನ್ನು ಸದ್ದಿಲ್ಲದೆ ನಡೆಸುತ್ತಿರುವ ಜನರಿದ್ದಾರೆ. ಅವರಲ್ಲಿ ಬಹುಮಂದಿ ಇದಕ್ಕಾಗಿ ಒಂದು ಕಾಸನ್ನೂ ಪಡೆಯುವವರಲ್ಲ. ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಣಕಯಂತ್ರವನ್ನು ಕೊಂಡುತಂದ ಮಾತ್ರಕ್ಕೆ ಅದು ಕೆಲಸಕ್ಕೆ ಬಾರದು. ಅದರೊಳಗೆ ಮೊದಲು ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ತಂತ್ರಾಂಶವು ನೆಲೆಗೊಳ್ಳಬೇಕು. ಮನೆಗೆ ತಳಪಾಯ, ಗೋಡೆ, ನೀರಿನ ಕೊಳವೆಗಳು ಹೇಗೋ ಗಣಕಕ್ಕೆ ಇದು ಹಾಗೆ. ಆದರೆ ಬರಿಯ ಗೋಡೆ ಕೊಳವೆಗಳಿಂದ ಸಂಸಾರ ನಡೆಯದು. ಪಾತ್ರೆ ಪಡಗ, ಹಾಸಿಗೆ ದಿಂಬು ಎಲ್ಲವೂ ಬೇಕು. ಅದರಂತೆಯೇ ಕಾಗದ ಬರೆಯಲು ಒಂದು ಪ್ರೋಗ್ರಾಮು, ಲೆಕ್ಕವಿಡಲು ಒಂದು, ಚಿತ್ರ ನೋಡಲು ಒಂದು, ಹಾಡು ಕೇಳಲು ಮತ್ತೊಂದು ಬೇಕಾಗುವುವು. ಇವುಗಳನ್ನು ಬರೆದವರು ಆಪರೇಟಿಂಗ್ ಸಿಸ್ಟಮ್ಮನ್ನು ಸಿದ್ಧಪಡಿಸಿದವರಲ್ಲ, ಹೊರಗಿನವರು. ಒಂದನ್ನು ಬರೆದವರು ಜರ್ಮನಿಯಲ್ಲಿರುವರು, ಇನ್ನೊಂದನ್ನು ಬರೆದವರು ಜಪಾನಿನಲ್ಲಿರುವರು. ಒಬ್ಬರ ಪದ್ಧತಿ ಇನ್ನೊಬ್ಬರಿಗೆ ತಿಳಿಯದು. ಹೀಗೆ ಹತ್ತು ಕಡೆಯಿಂದ ಬಂದ ಸರಕನ್ನು ಪರೀಕ್ಷಿಸಿ, ಒಂದರೊಡನೊಂದು ಹೊಂದುವಂತೆ ಮಾಡಿ, ಅಚ್ಚುಕಟ್ಟಾದ ಕಟ್ಟುಗಳನ್ನಾಗಿ ಕಟ್ಟಿ, ಕೇಳಿದವರ ಮನೆಗೆ ಮುಟ್ಟಿಸಬೇಕಲ್ಲವೆ? ಈ ಕಟ್ಟಿಗೆ ಪ್ಯಾಕೇಜು ಎಂದು ಹೆಸರು. ಕಟ್ಟುವವರನ್ನೂ, ಕಟ್ಟಿದ್ದನ್ನು ವರ್ಷಾನುವರ್ಷ ನೋಡಿಕೊಳ್ಳುವವರನ್ನೂ ಪಾಲಕರೆಂದು ಕರೆಯೋಣ.

ಪಾಲಕರ ಕೆಲಸವನ್ನು ತಿಳಿಯಲು ಡೆಬಿಯನ್ ಎಂಬ ಸಂಸ್ಥೆಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಪ್ರೋಗ್ರಾಮಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ತ್ವವನ್ನು ಹಿಡಿದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಗ್ನೂ ಎಂಬ ಕಾರ್ಯವನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸರು ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕಕ್ಕೆ ಕೊಟ್ಟರು. ಆದರೆ ಇವೆಲ್ಲವನ್ನೂ ಒಟ್ಟುಗೂಡಿಸಿ ಸಾಮಾನ್ಯನ ಕೈಗೆ ಕೊಡುವ ಕಾರ್ಯವು ಆಗ ಬಹಳ ಅಸ್ತವ್ಯಸ್ತವಾಗಿತ್ತು. 1993ನೆಯ ಇಸವಿ ಆಗಸ್ಟ್ 16ರಂದು, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ತರುಣ ಇಯನ್ ಮರ್ಡಾಕರು, ಈ ಕೆಲಸವನ್ನು ಎಚ್ಚರಿಕೆಯಿಂದಲೂ ಎಲ್ಲರ ಎದುರಿನಲ್ಲಿಯೂ ಮಾಡುವೆವೆಂದು ಪ್ರಕಟಿಸಿದರು. ಆಗ ತಮ್ಮ ಗೆಳತಿಯಾಗಿದ್ದು, ಮುಂದೆ ಕೈಹಿಡಿದ ಡೆಬ್ರಾ ಎಂಬಾಕೆಯ ಹೆಸರನ್ನು ತಮ್ಮ ಹೆಸರಿನೊಡನೆ ಕೂಡಿಸಿ ಡೆಬಿಯನ್ ಎಂದು ನಾಮಕರಣ ಮಾಡಿದರು. ಮರ್ಡಾಕರು 2015ರಲ್ಲಿ ತೀರಿಕೊಂಡರು. ಅವರು ನೆಟ್ಟ ಗಿಡವು ಮರವಾಗಿ ಇಂದಿಗೂ ನೆರಳು ಕೊಡುತ್ತಿದೆ. ಉಬುಂಟು ಮೊದಲಾದ ಅನೇಕ ಆಪರೇಟಿಂಗ್ ಸಿಸ್ಟಮ್‌ಗಳು ಈ ಮರದ ಕೊಂಬೆಗಳೇ.

2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ನಿನ 13ನೆಯ ಆವೃತ್ತಿಯಲ್ಲಿ 69,800ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದುವು. ಅವುಗಳಲ್ಲಿ 14,000ಕ್ಕೂ ಹೆಚ್ಚಿನವು ಹೊಸದಾಗಿ ಸೇರಿದವು. ಹಳತಾಗಿ ಉಪಯೋಗ ತಪ್ಪಿದುವೆಂದು ತೆಗೆದುಹಾಕಿದವು 8,800ಕ್ಕೂ ಮಿಕ್ಕಿದ್ದುವು. ಇಷ್ಟು ದೊಡ್ಡ ಉಗ್ರಾಣವನ್ನು ನೋಡಿಕೊಳ್ಳುವ ಅಧಿಕೃತ ಸದಸ್ಯರ ಸಂಖ್ಯೆ ಸುಮಾರು ಒಂದು ಸಾವಿರ. ಅವರ ಜೊತೆಗೆ ಕೈನೀಡುವ ಇತರರೂ ಉಂಟು. ಇಲ್ಲಿ ಯಜಮಾನರಿಲ್ಲ, ಅಂಗಡಿಯಿಲ್ಲ, ಲಾಭದ ಹಂಚಿಕೆಯಿಲ್ಲ. 1997ರ ಜುಲೈ ತಿಂಗಳಲ್ಲಿ ಇವರು ಸಮಾಜದೊಡನೆ ಒಂದು ಒಪ್ಪಂದವನ್ನು ಬರೆದುಕೊಂಡರು. ನಮ್ಮ ವ್ಯವಸ್ಥೆಯು ಎಂದೆಂದಿಗೂ ಮುಕ್ತವಾಗಿರುವುದು, ದೋಷಗಳನ್ನು ಮುಚ್ಚಿಡೆವು, ಬಳಸುವವರ ಹಿತವನ್ನೂ ಮುಕ್ತ ತಂತ್ರಾಂಶದ ಹಿತವನ್ನೂ ಮುಂದಿಟ್ಟುಕೊಂಡು ನಡೆಯುವೆವು ಎಂಬುವು ಅದರ ಮುಖ್ಯ ಮಾತುಗಳು. ದೋಷಗಳ ಪಟ್ಟಿಯು ಎಲ್ಲರಿಗೂ ತೆರೆದಿದೆ. ಅದರ ಅನುಕ್ರಮ ಸಂಖ್ಯೆಯು ಈಗಾಗಲೆ ಹತ್ತು ಲಕ್ಷವನ್ನು ದಾಟಿದೆ. ತಮ್ಮ ತಪ್ಪುಗಳನ್ನು ಹೀಗೆ ಬಾಗಿಲಿಗೆ ತೂಗುಹಾಕುವ ವ್ಯಾಪಾರಿಗಳು ಲೋಕದಲ್ಲಿ ಎಷ್ಟು ಮಂದಿ ಇದ್ದಾರು?

ಇನ್ನು ಒಂದು ಪ್ಯಾಕೇಜು ಸಿದ್ಧವಾಗುವ ಬಗೆಯನ್ನು ನೋಡೋಣ. ಯಾವುದೋ ಒಂದು ಪ್ರೋಗ್ರಾಮು ಒಬ್ಬರಿಗೆ ಮೆಚ್ಚುಗೆಯಾಗಿ, ಅದು ಡೆಬಿಯನ್ನಿನಲ್ಲಿ ಇರಬೇಕೆಂಬ ಆಸೆ ಹುಟ್ಟುವುದು. ಅವರು ಮೊದಲು ಎಲ್ಲರಿಗೂ ಕಾಣುವಂತೆ ತಮ್ಮ ಸಂಕಲ್ಪವನ್ನು ಬರೆದು ತಿಳಿಸುವರು; ಒಂದೇ ಕೆಲಸವನ್ನು ಇಬ್ಬರು ಮಾಡಿ ಶ್ರಮವು ವ್ಯರ್ಥವಾಗಬಾರದಷ್ಟೆ. ಅನಂತರ ಮೂಲ ಬರಹದ ಒಂದೊಂದು ಕಡತವನ್ನೂ ತೆರೆದು, ಇದನ್ನು ಬರೆದವರು ಯಾರು, ಯಾವ ಲೈಸೆನ್ಸಿನಲ್ಲಿ ಕೊಟ್ಟಿದ್ದಾರೆ, ಹಂಚಲು ಅಪ್ಪಣೆಯುಂಟೆ ಎಂದು ವಿಚಾರಿಸುವರು. ಈ ಕೆಲಸವು ಬೇಸರದ್ದು. ಆದರೆ ಪರರ ಸ್ವತ್ತನ್ನು ಹಂಚುವಾಗ ಇದನ್ನು ಬಿಡುವಂತಿಲ್ಲ. ಆಮೇಲೆ ನಾಲ್ಕು ಮುಖ್ಯ ಕಡತಗಳನ್ನು ಬರೆಯಬೇಕು. ಈ ಪ್ಯಾಕೇಜಿಗೆ ಬೇರೆ ಯಾವ ಯಾವ ಪ್ಯಾಕೇಜುಗಳ ನೆರವು ಬೇಕೆಂಬ ಪಟ್ಟಿ ಒಂದು; ಹಕ್ಕುದಾರರ ವಿವರ ಎರಡನೆಯದು; ಕಟ್ಟುವ ವಿಧಾನ ಮೂರನೆಯದು; ಯಾವ ದಿನ ಯಾರು ಏನನ್ನು ಬದಲಿಸಿದರೆಂಬ ದಿನಚರಿ ನಾಲ್ಕನೆಯದು. ಬರೆದಾದ ಮೇಲೆ, ಏನೂ ಇಲ್ಲದ ಬರಿದಾದ ವಾತಾವರಣದಲ್ಲಿ ಅದನ್ನು ಕಟ್ಟಿ ನೋಡುವರು. ತಮ್ಮ ಯಂತ್ರದಲ್ಲಿ ಮೊದಲೇ ಇದ್ದ ಸಾಮಗ್ರಿಯ ಬಲದಿಂದ ಕಟ್ಟು ಸರಿಬಂದಿದ್ದರೆ, ಇನ್ನೊಬ್ಬರ ಮನೆಯಲ್ಲಿ ಅದು ಕೈಕೊಟ್ಟೀತು. ನೆರೆಮನೆಯ ಒಲೆಯಲ್ಲಿಯೂ ಅಡಿಗೆ ಕೆಡದೆ ಬಂದರೆ ತಾನೆ ಬರೆದುಕೊಟ್ಟ ವಿಧಾನವು ಸರಿಯೆನ್ನಿಸುವುದು?

ಕಟ್ಟಿದ ಮೇಲೆ ಪಾಲಕರು ತಮ್ಮ ಗುಪ್ತ ಕೀಲಿಯಿಂದ ಅದಕ್ಕೆ ರುಜು ಹಾಕಿ ಕಳುಹಿಸುವರು. ಹೊಸಬರಿಗೆ ಈ ಅಧಿಕಾರ ಕೂಡಲೆ ದೊರೆಯದು. ಹಳೆಯ ಸದಸ್ಯರೊಬ್ಬರು ಪರೀಕ್ಷಿಸಿ ಅವರ ಪರವಾಗಿ ಕಳುಹಿಸಬೇಕು. ಸದಸ್ಯರಾಗಬಯಸುವವರು ಹಳೆಯ ಸದಸ್ಯರನ್ನು ಕಂಡು, ತಮ್ಮ ಗುರುತನ್ನು ಸ್ಥಿರಪಡಿಸಿ, ತಮ್ಮ ಕೀಲಿಗೆ ಅವರ ರುಜುವನ್ನು ಪಡೆಯುವ ವಾಡಿಕೆಯುಂಟು. ಯಂತ್ರಗಳ ವ್ಯವಹಾರವಾದರೂ ಇದರ ಬುಡದಲ್ಲಿರುವುದು ಮನುಷ್ಯನು ಮನುಷ್ಯನ ಮುಖ ನೋಡಿ ಇಡುವ ನಂಬಿಕೆಯೇ. ಇಷ್ಟಾದ ಮೇಲೂ ಹೊಸ ಪ್ಯಾಕೇಜು ನೇರವಾಗಿ ಒಳಗೆ ಬಾರದು. ಉಗ್ರಾಣದ ಅಧಿಕಾರಿಗಳು ಲೈಸೆನ್ಸನ್ನು ಮತ್ತೊಮ್ಮೆ ನೋಡಿ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಕಾಯುತ್ತಾ ಕುಳಿತ ಹೊಸಬರು ನೆನೆಯುವುದುಂಟು. ಆದರೆ ಇಲ್ಲಿ ಪೂಜಾರಿಯ ತಡೆಯು ಭಕ್ತರ ಹಿತಕ್ಕಾಗಿಯೇ ಇದೆ.

ಒಳಗೆ ಬಂದ ಪ್ಯಾಕೇಜು ಮೊದಲು ಸಿಡ್ ಎಂಬ ಅಂಗಳದಲ್ಲಿ ಇಳಿಯುವುದು. ಡೆಬಿಯನ್ನಿನ ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಎಂಬ ಚಲನಚಿತ್ರದ ಪಾತ್ರಗಳ ಹೆಸರುಗಳನ್ನಿಡುವರು. ಆ ಚಿತ್ರದಲ್ಲಿ ಆಟದ ಸಾಮಾನುಗಳನ್ನು ಮುರಿಯುವ ನೆರೆಮನೆಯ ತುಂಟ ಹುಡುಗನೇ ಸಿಡ್. ಏನು ಬೇಕಾದರೂ ಮುರಿಯಬಹುದಾದ ಅಂಗಳಕ್ಕೆ ಆ ಹೆಸರು ತಕ್ಕುದೇ ಸರಿ. ಅಲ್ಲಿ ಕೆಲವು ದಿನ ತಂಗಿ, ಘೋರ ದೋಷವೇನೂ ಕಾಣದಿದ್ದರೆ, ಪ್ಯಾಕೇಜು ಪರೀಕ್ಷೆಯ ಕೊಠಡಿಗೆ ಹೋಗುವುದು. ಸುಮಾರು ಎರಡು ವರ್ಷಕ್ಕೊಮ್ಮೆ ಆ ಕೊಠಡಿಯ ಬಾಗಿಲನ್ನು ಮುಚ್ಚಿ, ದೋಷಗಳನ್ನು ತಿದ್ದಿ, ಸ್ಥಿರವೆಂಬ ಹೆಸರಿನಿಂದ ಲೋಕಕ್ಕೆ ಬಿಡುಗಡೆ ಮಾಡುವರು. ತಾಳಿದವನು ಬಾಳಿಯಾನು ಎಂಬುದೇ ಈ ಕ್ರಮದ ಸಾರ.

ಆದರೆ ಕಟ್ಟುವುದು ಮದುವೆಯಿದ್ದಂತೆ, ಪಾಲಿಸುವುದು ಸಂಸಾರವಿದ್ದಂತೆ. ಮದುವೆಯ ಸಡಗರ ನಾಲ್ಕು ದಿನ, ಸಂಸಾರವು ಜೀವಮಾನದ್ದು. ಮೂಲ ಲೇಖಕರು ಹೊಸ ಆವೃತ್ತಿ ಹೊರಡಿಸಿದಾಗಲೆಲ್ಲ ಪಾಲಕರು ಪುನಃ ಕಟ್ಟಬೇಕು. ಬಳಸುವವರಿಂದ ದೂರು ಬಂದರೆ, ಅದು ತಮ್ಮ ಕಟ್ಟಿನ ದೋಷವೋ ಮೂಲದ ದೋಷವೋ ಎಂದು ವಿವೇಚಿಸಬೇಕು. ಮೂಲದ್ದಾದರೆ ಲೇಖಕರಿಗೆ ವಿನಯದಿಂದ ತಿಳಿಸಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು. ತಮ್ಮ ಪ್ರೋಗ್ರಾಮಿನಲ್ಲಿ ದೋಷವಿದೆಯೆಂದರೆ ಸಿಡುಕುವವರೂ ಉಂಟು. 2006ರಲ್ಲಿ ಇಂಥ ಒಂದು ವಿವಾದವು ಬಹು ಪ್ರಸಿದ್ಧವಾಯಿತು. ಫೈರ್‌ಫಾಕ್ಸ್ ಎಂಬ ಪ್ರಖ್ಯಾತ ಪ್ರೋಗ್ರಾಮಿನ ಲಾಂಛನದ ಲೈಸೆನ್ಸು ಡೆಬಿಯನ್ನಿನ ನಿಯಮಗಳಿಗೆ ಒಗ್ಗಲಿಲ್ಲ. ಲಾಂಛನವನ್ನು ಬಿಟ್ಟು, ತಿದ್ದುಪಡಿಗಳನ್ನು ನಮಗೆ ತೋರಿಸದೆ ಹೆಸರನ್ನು ಮಾತ್ರ ಬಳಸಕೂಡದೆಂದು ಮೊಜಿಲ್ಲಾ ಸಂಸ್ಥೆಯವರು ಹೇಳಿದರು. ಡೆಬಿಯನ್ನಿನವರು ಹೆಸರನ್ನೇ ಬದಲಿಸಿ ಐಸ್‌ವೀಸಲ್ ಎಂದಿಟ್ಟರು. ಹತ್ತು ವರ್ಷಗಳ ತರುವಾಯ, 2016ರಲ್ಲಿ, ಉಭಯರೂ ರಾಜಿಯಾಗಿ ಹಳೆಯ ಹೆಸರು ಮರಳಿ ಬಂದಿತು.

ಕೆಲವು ವೇಳೆ ಒಂದು ಪ್ಯಾಕೇಜನ್ನಲ್ಲ, ಇಡೀ ಉಗ್ರಾಣವನ್ನೇ ಅಲುಗಿಸಬೇಕಾದ ಪ್ರಸಂಗಗಳು ಒದಗುವುವು. ಪೈಥಾನ್ ಎಂಬ ಗಣಕಭಾಷೆಯ ಎರಡನೆಯ ಆವೃತ್ತಿಗೆ ಅದರ ಕರ್ತೃಗಳು 2020ರ ಜನವರಿ 1ಕ್ಕೆ ಕೊನೆಯ ದಿನವನ್ನು ಗೊತ್ತುಮಾಡಿದರು. ಆ ಹಳೆಯ ಭಾಷೆಯಲ್ಲಿ ಬರೆದ ಅಸಂಖ್ಯಾತ ಪ್ರೋಗ್ರಾಮುಗಳನ್ನು ಹೊಸದಕ್ಕೆ ಮಾರ್ಪಡಿಸಬೇಕಾಯಿತು. ಮೂಲ ಲೇಖಕರೇ ಕೈಬಿಟ್ಟು ಹೋಗಿದ್ದವುಗಳ ಪೈಕಿ ಹಲವನ್ನು ಪಾಲಕರು ತಾವೇ ತಿದ್ದಿದರು, ಹಲವನ್ನು ವಿಧಿಯಿಲ್ಲದೆ ತೆಗೆದುಹಾಕಿದರು. ಇನ್ನೊಂದು ಉದಾಹರಣೆ: ಹಳೆಯ ಬಗೆಯ 32 ಬಿಟ್ಟುಗಳ ಯಂತ್ರಗಳಲ್ಲಿ ಕಾಲವನ್ನು ಎಣಿಸುವ ಅಂಕಿಯು 2038ರ ಜನವರಿ 19ರಂದು ತುಂಬಿ ಹೊರಳುವುದು. ಅದಕ್ಕೆ ಇನ್ನೂ ಹಲವು ವರ್ಷಗಳಿರುವಾಗಲೇ, 2024ರಲ್ಲಿ, ಡೆಬಿಯನ್ನಿನವರು ಸಾವಿರಾರು ಪ್ಯಾಕೇಜುಗಳನ್ನು ಪುನಃ ಕಟ್ಟಿ ಆ ಕಂಟಕವನ್ನು ಬಹುಮಟ್ಟಿಗೆ ಕಳೆದರು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಗೃಹಸ್ಥನ ವಿವೇಕವು ಇದೇ ಅಲ್ಲವೆ?

ಪಾಲಕರೂ ಮನುಷ್ಯರೇ. ಅವರಿಗೂ ಕಾಯಿಲೆಯಾಗುವುದು, ಮಕ್ಕಳಾಗುವುವು, ಉದ್ಯೋಗ ಬದಲಾಗುವುದು, ಬೇಸರ ಹುಟ್ಟುವುದು. ಇನ್ನು ತಮ್ಮಿಂದಾಗದೆಂದು ಕಂಡಾಗ ತಮ್ಮ ಪ್ಯಾಕೇಜು ಅನಾಥವೆಂದು ಪ್ರಕಟಿಸುವರು. ಅನಾಥ ಪ್ಯಾಕೇಜುಗಳ ಪಟ್ಟಿಯೊಂದು ಬಹಿರಂಗವಾಗಿಯೇ ಇದೆ. ಮನಸ್ಸಿದ್ದವರು ಮುಂದೆ ಬಂದು ಅವುಗಳನ್ನು ದತ್ತು ತೆಗೆದುಕೊಳ್ಳಬಹುದು; ಅನಾಥ, ದತ್ತು ಎಂಬ ಮಾತುಗಳನ್ನು ಅವರೇ ತಮ್ಮ ಭಾಷೆಯಲ್ಲಿ ಬಳಸುವರು. ಏನನ್ನೂ ಹೇಳದೆ ಮರೆಯಾದ ಪಾಲಕರನ್ನು ವಿಚಾರಿಸಿ ನೋಡುವುದಕ್ಕೆ ಒಂದು ಪ್ರತ್ಯೇಕ ಮಂಡಲಿಯುಂಟು. "ಕ್ಷೇಮವೇ? ಈ ಹೊರೆಯನ್ನು ಇಳಿಸಿಕೊಳ್ಳುವಿರಾ?" ಎಂಬ ಅರ್ಥದ ಕಾಗದವನ್ನು ಅವರು ಬರೆಯುವರು. ಆಗದೆಂದು ಒಪ್ಪಿಕೊಂಡು ಹೊಣೆಯನ್ನು ಇನ್ನೊಬ್ಬರ ಕೈಗಿತ್ತು ಹೋಗುವುದು ಅಲ್ಲಿ ಅಪಮಾನವಲ್ಲ. ಹಿಡಿದೂ ಹಿಡಿಯದೆ ಕೂಡುವುದೇ ತಪ್ಪು. ನಮ್ಮ ಸಂಘ ಸಂಸ್ಥೆಗಳೂ ಇದರಿಂದ ಕಲಿಯತಕ್ಕದ್ದುಂಟು.

ಈ ಹೊಣೆಯ ಭಾರವೆಷ್ಟೆಂಬುದನ್ನು ಎರಡು ಸಂಗತಿಗಳಿಂದ ತಿಳಿಯಬಹುದು. ಮೊದಲನೆಯದು ಪಾಲಕರಿಂದಲೇ ಆದ ಪ್ರಮಾದ. ಬ್ಯಾಂಕು ಮೊದಲಾದವುಗಳ ಗುಟ್ಟಿನ ಸಂಭಾಷಣೆಗೆ ಬೇಕಾದ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವುಂಟು. 2006ರಲ್ಲಿ ಪರೀಕ್ಷೆಯ ಉಪಕರಣವೊಂದು ಅದರ ಬರಹದಲ್ಲಿ ಕೆಲವು ಪಂಕ್ತಿಗಳನ್ನು ಸಂದೇಹಾಸ್ಪದವೆಂದು ತೋರಿಸಿತು. ಡೆಬಿಯನ್ನಿನ ಪಾಲಕರು ಮೂಲದವರ ಚರ್ಚೆಯಲ್ಲಿ ವಿಚಾರಿಸಿ, ಆಕ್ಷೇಪಣೆ ಕಾಣದೆ, ಆ ಪಂಕ್ತಿಗಳನ್ನು ತೆಗೆದರು. ಕೀಲಿಗೆ ಬೇಕಾದ ಅನಿಶ್ಚಿತತೆಯನ್ನು ಒದಗಿಸುತ್ತಿದ್ದುದು ಅವುಗಳಲ್ಲೊಂದು! ಅದರಿಂದಾಗಿ ಲೆಕ್ಕವಿಲ್ಲದಷ್ಟು ಬಗೆಯಾಗಿರಬೇಕಾದ ಕೀಲಿಗಳು, ಒಂದೊಂದು ಬಗೆಯ ಯಂತ್ರದಲ್ಲಿ ಒಂದೊಂದು ಅಳತೆಗೆ, ಸುಮಾರು 32,768ಕ್ಕೆ ಇಳಿದುಹೋದುವು. ಕಳ್ಳನು ಅಷ್ಟನ್ನೂ ಒಂದೊಂದಾಗಿ ತಿರುಗಿಸಿ ನೋಡುವುದು ಗಣಕಕ್ಕೆ ಕ್ಷಣದ ಕೆಲಸ. ಸುಮಾರು 20 ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ. 2008ರ ಮೇ 13ರಂದು ಡೆಬಿಯನ್ನಿನವರು ತಮ್ಮ ತಪ್ಪನ್ನು ತಾವೇ ಲೋಕಕ್ಕೆ ಸಾರಿದರು. ಅಸಂಖ್ಯಾತರು ತಮ್ಮ ಕೀಲಿಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಶುದ್ಧ ಮಾಡುವ ಉತ್ಸಾಹದಲ್ಲಿ ಕಲ್ಲೆಂದು ತಿಳಿದು ಕಾಳನ್ನು ಎಸೆದಂತಾಯಿತು.

ಎರಡನೆಯದು ಮೂಲದಲ್ಲಿಯೇ ನಡೆದ ದ್ರೋಹ. ಕಡತಗಳನ್ನು ಸಂಕ್ಷೇಪಿಸುವ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ತಮ್ಮ ಬಿಡುವಿನಲ್ಲಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನವನೊಬ್ಬನು ಅವರಿಗೆ ನೆರವಾಗತೊಡಗಿದನು. ಅದೇ ಕಾಲದಲ್ಲಿ ಗುರುತಿಲ್ಲದ ಕೆಲವರು "ಕೆಲಸ ನಿಧಾನವಾಯಿತು, ಬೇರೊಬ್ಬರಿಗೆ ಬಿಟ್ಟುಕೊಡಿ" ಎಂದು ಆ ದಣಿದ ಮನುಷ್ಯರನ್ನು ಪೀಡಿಸಿದರು. ಎರಡು ವರ್ಷಕ್ಕೂ ಮಿಕ್ಕು ಒಳ್ಳೆಯವನಂತೆ ನಡೆದು ನಂಬಿಕೆ ಸಂಪಾದಿಸಿದ ಆ ಸಹಾಯಕನು, 2024ರಲ್ಲಿ ಹೊರಬಂದ 5.6.0, 5.6.1 ಎಂಬ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟನು. ದೂರದಿಂದ ಯಂತ್ರದೊಳಗೆ ಬರುವವರನ್ನು ತಡೆದು ವಿಚಾರಿಸುವ ದ್ವಾರಪಾಲಕ ಪ್ರೋಗ್ರಾಮಿಗೂ ಈ ಎಕ್ಸ್‌ಝೆಡ್‌ಗೂ ಮೂಲದಲ್ಲಿ ಯಾವ ನಂಟೂ ಇರಲಿಲ್ಲ. ಡೆಬಿಯನ್ ಮೊದಲಾದ ಕೆಲವರು ಅನುಕೂಲಕ್ಕೆಂದು ಸೇರಿಸಿಕೊಂಡಿದ್ದ ತಿದ್ದುಪಡಿಯ ಮೂಲಕ ಆ ನಂಟು ಬೆಳೆದಿತ್ತು. ಕಳ್ಳನು ಆ ದಾರಿಯನ್ನೇ ಹಿಡಿದನು.

ಪ್ಯಾಕೇಜು ಸಿಡ್ ಅಂಗಳವನ್ನು ಹೊಕ್ಕು ಪರೀಕ್ಷೆಯ ಕೊಠಡಿಯನ್ನೂ ಮುಟ್ಟಿತು. ಆಗ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರರು ಡೆಬಿಯನ್ ಸಿಡ್ಡಿನಲ್ಲಿ ಬೇರೆ ಯಾವುದೋ ಕೆಲಸಕ್ಕಾಗಿ ವೇಗವನ್ನು ಅಳೆಯುತ್ತಿದ್ದರು. ಬಾಗಿಲು ತೆರೆಯಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಅವರು ಗಮನಿಸಿದರು. ಅರ್ಧ ಸೆಕೆಂಡೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಬೇರೊಬ್ಬರು ಬಿಟ್ಟುಬಿಡುತ್ತಿದ್ದರು. ಅವರು ಬಿಡದೆ ಬೆನ್ನು ಹತ್ತಿ, ಕಳ್ಳಬಾಗಿಲನ್ನು ಹುಡುಕಿ, 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಹಳೆಯ ಎಕ್ಸ್‌ಝೆಡ್ಡೇ ಇದ್ದುದರಿಂದ ಅದನ್ನು ಬಳಸುತ್ತಿದ್ದ ಯಂತ್ರಗಳಿಗೆ ವಿಷವು ತಾಗಲಿಲ್ಲ. ಅಂಗಳ, ಕೊಠಡಿ, ನಡುಮನೆ ಎಂದು ಹಂತಹಂತವಾಗಿ ಒಳಗೆ ಬಿಡುವ ನಿಧಾನವು ಆ ದಿನ ಕಾಪಾಡಿತು. ಆದರೆ ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದುದು ಕಳ್ಳನ ಜಾಣತನವಲ್ಲ. ಲೋಕವೆಲ್ಲ ಆತುಕೊಂಡಿದ್ದ ಒಂದು ಕಂಬವನ್ನು ಒಬ್ಬ ಮನುಷ್ಯನು ಒಂಟಿಯಾಗಿ ಹೊತ್ತು ನಿಂತಿದ್ದನು, ಆತನ ಬಳಿಗೆ ಹೋಗಿ "ದಣಿವಾಯಿತೆ?" ಎಂದು ಕೇಳಿದವನು ಕಳ್ಳನೊಬ್ಬನೇ!

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಮೂಲೆ ಸೇರಿತ್ತು. ಅದಕ್ಕೆ ಡೆಬಿಯನ್ನನ್ನು ಮಿತವಾದ ಸಾಮಗ್ರಿಯೊಡನೆ ಹಾಕಿಸಿ ಮಕ್ಕಳ ಉಪಯೋಗಕ್ಕೆ ಕೊಟ್ಟೆವು. ಕನ್ನಡದ ಕಾಗದವೊಂದನ್ನು ತೆರೆದು ನೋಡಲು, ಅಕ್ಷರಗಳ ಬದಲಿಗೆ ಬರಿಯ ಚೌಕಗಳು ಕಂಡುವು. ಕನ್ನಡ ಅಚ್ಚಕ್ಷರಗಳ ಪ್ಯಾಕೇಜನ್ನು ಬರಮಾಡಿಕೊಂಡ ಕೂಡಲೆ ಚೌಕಗಳು ಮಾಯವಾಗಿ ನಮ್ಮ ನುಡಿಯು ಮೂಡಿನಿಂತಿತು. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಚೆಲುವಾದ ಹೆಸರಿನ ಕನ್ನಡ ಅಕ್ಷರಮಾಲೆಗಳು ಡೆಬಿಯನ್ನಿನ ಉಗ್ರಾಣದಲ್ಲಿವೆ. ಅವುಗಳಲ್ಲಿ ನವಿಲು ಕೈಬರಹದ ಚಂದವುಳ್ಳದ್ದು. ಪ್ಯಾಕೇಜಿನೊಡನೆ ಬಂದ ದಿನಚರಿಯನ್ನು ಕುತೂಹಲದಿಂದ ತೆರೆದೆವು. ಇಂಥ ದಿನ ಇಂಥ ದೋಷವನ್ನು ತಿದ್ದಲಾಯಿತು, ಇಂಥ ನಿಯಮಕ್ಕೆ ಹೊಂದಿಸಲಾಯಿತು ಎಂದು ವರ್ಷಗಳ ಕಾಲದ ಚಿಕ್ಕ ಚಿಕ್ಕ ಟಿಪ್ಪಣಿಗಳು. ಒಂದೊಂದರ ಕೆಳಗೂ ಒಂದೊಂದು ಹೆಸರು. ನಮ್ಮ ಮಗುವು ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಲೆಂದು ಕಂಡರಿಯದ ಯಾರೋ ರಾತ್ರಿ ಕುಳಿತು ಈ ಪಂಕ್ತಿಗಳನ್ನು ಬರೆದಿದ್ದರು! ಅವರಿಗೆ ನಾವು ಕೊಟ್ಟುದೇನು? ಅದುವರೆಗೆ ಅವರಿರುವರೆಂದು ಸಹ ನಮಗೆ ತಿಳಿದಿರಲಿಲ್ಲ.

ಇದು ಪಂಡಿತರಿಗೆ ಮಾತ್ರ ಸಾಧ್ಯವಾದ ಸೇವೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಹೆಂಗಸರನ್ನು ಈ ಕಾರ್ಯಕ್ಕೆ ಕರೆತರಲೆಂದು 2004ರಲ್ಲಿಯೇ ಡೆಬಿಯನ್ ವಿಮೆನ್ ಎಂಬ ಪ್ರಯತ್ನವು ಆರಂಭವಾಯಿತು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನವು ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿಯೇ ಜರುಗಿತು. ಕನ್ನಡದ ಒತ್ತಕ್ಷರವೊಂದು ತಪ್ಪಾಗಿ ಮೂಡಿದರೆ ಅದನ್ನು ಕಂಡುಹಿಡಿಯುವ ಶಕ್ತಿಯು ಹೆಲ್ಸಿಂಕಿಯ ವಿದ್ವಾಂಸರಿಗಿಲ್ಲ. ನಮ್ಮ ಮನೆಯ ಹೈಸ್ಕೂಲು ಹುಡುಗಿಗಿದೆ. ಯಾವ ಪ್ಯಾಕೇಜು, ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು ಎಂಬುದನ್ನು ಕ್ರಮವಾಗಿ ಬರೆದು ಒಂದು ಇಮೇಲ್ ಕಳುಹಿಸಿದರೆ ಅದೇ ದೊಡ್ಡ ಸಹಾಯ. ಅನುವಾದ ಬಲ್ಲವರು ಅನುವಾದಿಸಬಹುದು, ಪರೀಕ್ಷಿಸಬಲ್ಲವರು ಪರೀಕ್ಷಿಸಬಹುದು, ವಿದ್ಯೆಯುಳ್ಳ ತರುಣರು ಅನಾಥವಾದ ಒಂದನ್ನು ದತ್ತು ತೆಗೆದುಕೊಳ್ಳಬಹುದು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಇವಾವುದೂ ಆಗದಿದ್ದರೆ ಕೊನೆಗೆ ಒಂದು ಕೃತಜ್ಞತೆಯ ಮಾತನ್ನಾದರೂ ಬರೆಯೋಣ. ಪಾಲಕರ ಹೆಸರೂ ವಿಳಾಸವೂ ಪ್ಯಾಕೇಜಿನೊಡನೆಯೇ ಬರುವುವು. ದೂರುಗಳು ಅವರಿಗೆ ದಿನವೂ ಬರುತ್ತವೆ; ವಂದನೆಗಳು ಅಪರೂಪ. ನಮ್ಮ ಮಗುವು ಅಜ್ಜಿಯ ಕಾಗದವನ್ನು ಮುಗಿಸಿದ ಸಂಜೆ, ಆ ದಿನಚರಿಯಲ್ಲಿ ಕಂಡ ವಿಳಾಸಕ್ಕೆ ನಾವು ಎರಡು ಸಾಲು ಬರೆದೆವು. ಮರುದಿನ ಉತ್ತರ ಬಂದಿತು. ಕನ್ನಡದ ಅಕ್ಷರಗಳು ಸರಿಯಾಗಿ ಕಾಣುತ್ತಿವೆಯೆಂದು ಕೇಳಿ ಸಂತೋಷವಾಯಿತು, ಏನಾದರೂ ತಪ್ಪು ಕಂಡರೆ ದಯವಿಟ್ಟು ತಿಳಿಸಿರಿ ಎಂಬುದಷ್ಟೇ ಅದರ ತಾತ್ಪರ್ಯ.